ಕ್ಲಿಪ್ಪು ಹಾಕಿದ ಹಲ್ಲಿನ ಯೋಗಕ್ಷೇಮ

ಸಂಜೆ ಟ್ಯೂಷನ್ ಬಿಡುವ ಹೊತ್ತಿಗೆ ಮೈಸೂರಿನ ಯಾವ ಬಡಾವಣೆಯಲ್ಲಿ ಬೇಕಾದರೂ ನಿಂತು ನೋಡಿ, ಮಕ್ಕಳು ನಕ್ಕರೆ ಬಾಯಿ ಮಿಂಚುತ್ತದೆ. ಹಲ್ಲಿನಿಂದಲ್ಲ, ಹಲ್ಲಿಗೆ ಹಾಕಿಸಿದ ಕ್ಲಿಪ್ಪಿನಿಂದ. ಒಂದು ಕಾಲಕ್ಕೆ ಕ್ಲಿಪ್ಪು ಹಾಕಿಸಿಕೊಂಡ ಹುಡುಗಿ ಬಾಯಿಗೆ ಕರ್ಚೀಫು ಅಡ್ಡ ಹಿಡಿದು ಮಾತಾಡುತ್ತಿದ್ದಳು. ಈಗ ಅದೊಂದು ಆಭರಣ. ತಂತಿಯನ್ನು ಹಿಡಿದಿಡುವ ಪುಟ್ಟ ರಬ್ಬರ್ ಬಳೆಗಳಿಗೆ ಬಣ್ಣ ಆರಿಸಿಕೊಳ್ಳುವ ಸ್ವಾತಂತ್ರ್ಯ ಬೇರೆ. ಐಪಿಎಲ್ ನಡೆಯುವಾಗ ಆರ್‌ಸಿಬಿ ಕೆಂಪು, ನವೆಂಬರಿನಲ್ಲಿ ಹಳದಿ ಕೆಂಪು. ನಮ್ಮ ಮೊಮ್ಮಗಳು ಪರೀಕ್ಷೆಯ ತಿಂಗಳಲ್ಲಿ ಬೂದು ಬಣ್ಣ ಹಾಕಿಸಿಕೊಂಡು ಬಂದಳು. ಯಾಕಮ್ಮ ಎಂದರೆ "ಮೂಡ್ ಇಲ್ಲ ತಾತ" ಅಂದಳು. ಮನಸ್ಸಿನ ಹವಾಮಾನವನ್ನು ಹಲ್ಲಿನ ಮೇಲೆ ಪ್ರಕಟಿಸಿಕೊಂಡು ಓಡಾಡುವ ಅನುಕೂಲ ನಮ್ಮ ತಲೆಮಾರಿಗೆ ಇರಲಿಲ್ಲ.

ನಮಗೆ ಹಲ್ಲು ಬಂದ ಹಾಗೆ ಬಂತು, ನಿಂತ ಕಡೆ ನಿಂತಿತು. ಹಾಲುಹಲ್ಲು ಬಿದ್ದಾಗ ಸಗಣಿಯುಂಡೆಯೊಳಗಿಟ್ಟು ಹೆಂಚಿನ ಮೇಲೆ ಎಸೆದರೆ ಹಿರಿಯರ ಜವಾಬ್ದಾರಿ ಮುಗಿಯಿತು. ಮುಂದಿನದು ದೇವರಿಗೆ ಬಿಟ್ಟದ್ದು. ಉಬ್ಬುಹಲ್ಲಿನ ಚಿಂತೆ ಏನಿದ್ದರೂ ಹೆಣ್ಣುಮಕ್ಕಳ ಪಾಲಿಗೆ. ಹೆಣ್ಣು ನೋಡಲು ಬರುವ ದಿನ "ಜಾಸ್ತಿ ನಗಬೇಡ ಕಣೇ" ಎಂದು ಸೋದರತ್ತೆ ಕಿವಿಯಲ್ಲಿ ಹೇಳುತ್ತಿದ್ದಳು. ಹುಡುಗನಿಗೆ ಸರ್ಕಾರಿ ಕೆಲಸವಿದ್ದರೆ ಅವನ ಹಲ್ಲು ಯಾವ ದಿಕ್ಕಿಗೆ ಮುಖ ಮಾಡಿದ್ದರೂ ಲಕ್ಷಣವೇ. ಅಮೆರಿಕದ ಎಡ್ವರ್ಡ್ ಆಂಗಲ್ ಎಂಬ ಮಹಾಶಯ 1899ರಲ್ಲೇ ಸೊಟ್ಟ ಕಚ್ಚುವಿಕೆಯನ್ನು ಮೂರು ವರ್ಗವಾಗಿ ವಿಂಗಡಿಸಿ, ಮರುವರ್ಷ ಸೇಂಟ್ ಲೂಯಿಸ್‌ನಲ್ಲಿ ಹಲ್ಲು ನೇರ ಮಾಡುವ ವಿದ್ಯೆಗೆಂದೇ ಶಾಲೆ ತೆರೆದಿದ್ದನಂತೆ. ಆ ವಿದ್ಯೆ ನಮ್ಮ ಬೀದಿಯವರೆಗೆ ಬರುವ ಹೊತ್ತಿಗೆ ನನ್ನ ಹಲ್ಲುಗಳು ಅಲುಗಾಡಲು ಶುರುಮಾಡಿದ್ದವು.

ಇರಲಿ. ನಾನು ಹೇಳಹೊರಟಿದ್ದು ಸೊಟ್ಟ ಹಲ್ಲಿನ ಕಥೆಯಲ್ಲ, ನೇರವಾದ ಹಲ್ಲಿನ ಕಥೆ. ಕ್ಲಿಪ್ಪು ಹಾಕಿಸಲು ಹೋದ ಅಪ್ಪ ಕೇಳುವುದು "ಎಷ್ಟಾಗುತ್ತೆ", ಅಮ್ಮ ಕೇಳುವುದು "ಎಷ್ಟು ದಿನ", ಮಗು ಕೇಳುವುದು "ನೋಯುತ್ತಾ". ಆ ಒಂದೂವರೆ, ಎರಡು ವರ್ಷ ಕ್ಲಿಪ್ಪಿನ ಸುತ್ತ ಹಲ್ಲಿನ ಮೈಗೆ ಏನಾಗುತ್ತದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಆದ್ದರಿಂದಲೇ, ಕ್ಲಿಪ್ಪು ಬಿಚ್ಚುವ ದಿನ ಸಾಲಾಗಿ ನಿಂತ ಹಲ್ಲುಗಳನ್ನು ಕನ್ನಡಿಯಲ್ಲಿ ನೋಡಿ ಹಿಗ್ಗುವ ಮಕ್ಕಳಲ್ಲಿ ಕೆಲವರು ಮರುಕ್ಷಣ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಕ್ಲಿಪ್ಪು ಕೂತಿದ್ದ ಜಾಗ ಮಾತ್ರ ಹಲ್ಲಿನ ಬಣ್ಣದಲ್ಲಿದ್ದು, ಅದರ ಸುತ್ತ ಸುಣ್ಣ ಬಳಿದಂತೆ ಬಿಳಿ ಅಂಚು.

ಹಲ್ಲಿನ ಹೊರಮೈ ಎನಾಮಲ್. ಮನುಷ್ಯನ ಮೈಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ತೂಕದಲ್ಲಿ ನೂರಕ್ಕೆ 96ರಷ್ಟು ಖನಿಜ. ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿ ಆದ ಹರಳು. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಚರ್ಮ ಕುಯ್ದರೆ ಮಾಯುತ್ತದೆ, ಉಗುರು ಬೇಡವೆಂದರೂ ಬೆಳೆಯುತ್ತದೆ. ಎನಾಮಲ್ ಹಾಗಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ವಸಡಿನಿಂದ ಹೊರಗೆ ತಲೆ ಹಾಕುವ ಹೊತ್ತಿಗೆ ಸತ್ತುಹೋಗಿರುತ್ತವೆ. ಆರನೇ ವಯಸ್ಸಿನಲ್ಲಿ ಹುಟ್ಟಿದ ದವಡೆ ಹಲ್ಲಿನ ಎನಾಮಲ್ಲೇ ಅರವತ್ತರಲ್ಲಿ ಚಕ್ಕುಲಿ ಮುರಿಯಬೇಕು. ಹೊಸ ಕಂತು ಬರುವುದಿಲ್ಲ.

ಇಷ್ಟು ಗಟ್ಟಿ ಪದಾರ್ಥ ಹೆದರುವುದು ಒಂದಕ್ಕೇ, ಹುಳಿಗೆ. ಹುಳಿ ಹೆಚ್ಚಾಗಿ ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ಲಿನ ಖನಿಜ ಕರಗತೊಡಗುತ್ತದೆ. ಆ ಹುಳಿಯನ್ನು ನಾವೇ ತಿನ್ನಬೇಕೆಂದಿಲ್ಲ. ಹಲ್ಲಿಗೆ ಅಂಟಿದ ಪಾಚಿಯಲ್ಲಿ ಮನೆ ಮಾಡಿಕೊಂಡ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಮತ್ತದರ ಬಳಗಕ್ಕೆ ಸಕ್ಕರೆ ಸಿಕ್ಕರೆ ಸಾಕು, ಅಲ್ಲೇ ತಯಾರಿಸಿಕೊಳ್ಳುತ್ತವೆ. ಈ ಜೀವಿಯನ್ನು ಲಂಡನ್ನಿನಲ್ಲಿ ಕ್ಲಾರ್ಕ್ ಎಂಬವರು ಗುರುತಿಸಿದ್ದು 1924ರಲ್ಲಿ. 1940ರ ದಶಕದಲ್ಲಿ ರಾಬರ್ಟ್ ಸ್ಟೀಫನ್ ಎಂಬ ವಿಜ್ಞಾನಿ ಸಕ್ಕರೆ ನೀರಿನಲ್ಲಿ ಬಾಯಿ ಮುಕ್ಕಳಿಸಿದವರ ಹಲ್ಲಿನ ಮೇಲೆ ಹುಳಿ ಅಳೆದು ನೋಡಿದರು. ಕೆಲವೇ ನಿಮಿಷಗಳಲ್ಲಿ ಪಿಎಚ್ ಪಾತಾಳಕ್ಕೆ; ಮತ್ತೆ ಮೇಲೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ. ಆಮೇಲೆ ಎಂಜಲು ತನ್ನಲ್ಲಿರುವ ಕ್ಯಾಲ್ಸಿಯಂ ಫಾಸ್ಫೇಟನ್ನು ಹಲ್ಲಿಗೆ ಮರಳಿ ಕೊಡುತ್ತದೆ. ಎಂಜಲೆಂದರೆ ಮಾರು ದೂರ ಸರಿಯುವ ನಮ್ಮ ಮಡಿವಂತರಿಗೆ ಹೇಳಬೇಕು: ಹಲ್ಲುಗಳನ್ನು ಇಷ್ಟು ವರ್ಷ ಕಾಪಾಡಿದ್ದು ಅದೇ.

ಕ್ಲಿಪ್ಪು ಈ ಕೊಡುಕೊಳ್ಳುವಿಕೆಯ ನಡುವೆ ಅಡ್ಡ ಬಂದು ಕೂರುತ್ತದೆ. ಹಲ್ಲಿಗೆ ಅಂಟಿಸಿದ ಪುಟ್ಟ ಬ್ರಾಕೆಟ್ಟಿನ ಅಂಚು, ತಂತಿಯ ಅಡಿ, ರಬ್ಬರ್ ಬಳೆಯ ಸಂದು, ಎಲ್ಲವೂ ಪಾಚಿಗೆ ಬಾಡಿಗೆಯಿಲ್ಲದ ಮನೆ. ಬ್ರಷ್ಷು ಮೇಲಿಂದ ಜಾರಿ ಹೋಗುತ್ತದೆ, ಎಂಜಲು ಒಳಗೆ ಹೋಗುವುದಿಲ್ಲ. ಹೆಚ್ಚು ಪೆಟ್ಟು ಬ್ರಾಕೆಟ್ಟಿಗೂ ವಸಡಿಗೂ ನಡುವಿನ ಪಟ್ಟಿಗೆ. ನಿಗಾ ಇಲ್ಲದ ಬಾಯಲ್ಲಿ ಒಂದೇ ತಿಂಗಳಲ್ಲಿ ಖನಿಜ ಸೋರಿಹೋಗಿರುವುದನ್ನು ಅಳೆಯಬಹುದು ಎಂದು 1980ರ ದಶಕದಲ್ಲೇ ತೋರಿಸಿದ್ದಾರೆ. 1982ರ ಒಂದು ಹೆಸರಾಂತ ಅಮೆರಿಕನ್ ಅಧ್ಯಯನದಲ್ಲಿ ಕ್ಲಿಪ್ಪು ಬಿಚ್ಚಿಸಿಕೊಂಡವರ ಪೈಕಿ ಸುಮಾರು ಅರ್ಧ ಮಂದಿಗೆ ಒಂದಾದರೂ ಬಿಳಿ ಮಚ್ಚೆ ಇತ್ತು. ಮೇಲ್ಸಾಲಿನಲ್ಲಿ, ನಡುವಿನ ಎರಡು ಹಲ್ಲುಗಳ ಪಕ್ಕದ ಹಲ್ಲುಗಳಿಗೇ ಹೆಚ್ಚು. ನಕ್ಕರೆ ಕಾಣುವ ಜಾಗವನ್ನೇ ಹುಡುಕಿಕೊಂಡು ಬರುವುದು ಈ ಮಚ್ಚೆಯ ಬುದ್ಧಿ.

ಮೊಮ್ಮಗಳ ಜೊತೆ ಹೋದಾಗ ಡಾಕ್ಟರಮ್ಮ ನನಗೂ ಮಚ್ಚೆ ತೋರಿಸಿದರು. ಹಲ್ಲು ಒದ್ದೆಯಾಗಿದ್ದಾಗ ಏನೂ ಕಾಣಲಿಲ್ಲ. ತುಟಿಯನ್ನು ಬೆರಳಿನಲ್ಲಿ ಎತ್ತಿ ಹಿಡಿದು, ಸಣ್ಣ ಕೊಳವೆಯಿಂದ ಸುಯ್ಯೆಂದು ಗಾಳಿ ಬಿಟ್ಟರು. ಹಲ್ಲು ಒಣಗುತ್ತ ಬಂದ ಹಾಗೆ ಬ್ರಾಕೆಟ್ಟಿನ ಮೇಲಂಚಿನಲ್ಲಿ ಅಕ್ಕಿಯ ಮೊನೆಯಷ್ಟು ಅಗಲದ ಬಿಳಿ ಗೆರೆ ನಿಧಾನ ಮೇಲೆದ್ದಿತು. ಅವರು ಗಾಳಿ ನಿಲ್ಲಿಸಿದರು, ಹುಡುಗಿ ನಾಲಿಗೆ ಆಡಿಸಿದಳು, ಗೆರೆ ಮಾಯ. ನಮ್ಮ ಬಿಳಿ ಪಂಚೆಯ ಗುಣವೂ ಇದೇ: ನೆನೆದಾಗ ಮೈ ಕಾಣುತ್ತದೆ, ಒಣಗಿದಾಗ ಬೆಳ್ಳಗೆ ಮರೆ ಮಾಡುತ್ತದೆ. ಎಳೆಗಳ ನಡುವೆ ನೀರು ನಿಂತರೆ ಬೆಳಕು ನೆಟ್ಟಗೆ ಹಾಯುತ್ತದೆ, ಗಾಳಿ ತುಂಬಿಕೊಂಡರೆ ಚೆದರುತ್ತದೆ. ಎನಾಮಲ್ಲಿನೊಳಗೆ ಖನಿಜ ಕರಗಿ ಸೂಕ್ಷ್ಮ ರಂಧ್ರಗಳಾದಾಗಲೂ ಅದೇ ಆಟ. "ಒಣಗಿಸಿದರೆ ಮಾತ್ರ ಕಾಣೋ ಹಂತದಲ್ಲಿ ಸಿಕ್ಕಿದೆ ಸಾರ್, ವಾಪಸ್ ತರಬಹುದು. ಒದ್ದೆಯಲ್ಲೂ ಕಾಣೋಕೆ ಶುರುವಾದರೆ ಕಷ್ಟ" ಎಂದರು ಡಾಕ್ಟರಮ್ಮ.

ವಾಪಸ್ ತರುವುದು ಹೇಗೆ ಎಂದು ಕೇಳುತ್ತ ಹೋದ ಹಾಗೆ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಹಲ್ಲನ್ನು ಕೆಡಿಸಬಲ್ಲ ಆಸಿಡ್ಡು, ಫ್ಲೋರೈಡು, ಬಿಸಿ ಮೂರೂ ಹಲ್ಲಿನ ಡಾಕ್ಟರ ಕೈಯಲ್ಲಿ ಕೆಲಸಕ್ಕೆ ಬರುವ ಸಾಮಾನುಗಳೇ. ವ್ಯತ್ಯಾಸವೆಲ್ಲ ಹದದಲ್ಲಿ.

ಮೊದಲು ಆಸಿಡ್ಡಿನ ಮಾತು. ಹಿಂದೆ ಕ್ಲಿಪ್ಪೆಂದರೆ ಒಂದೊಂದು ಹಲ್ಲಿಗೂ ಲೋಹದ ಪಟ್ಟಿ ಸುತ್ತಿ ಸಿಮೆಂಟು ಹಾಕುತ್ತಿದ್ದರು. ಬಾಯಿ ತುಂಬ ಕಬ್ಬಿಣದಂಗಡಿ. 1955ರಲ್ಲಿ ಅಮೆರಿಕದ ರಾಚೆಸ್ಟರ್ ಊರಿನಲ್ಲಿ ಮೈಕೆಲ್ ಬ್ಯೂನೊಕೋರ್ ಎಂಬ ದಂತವಿಜ್ಞಾನಿಗೆ ಒಂದು ಯೋಚನೆ ಹೊಳೆಯಿತು. ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಸಿಡ್ ಸವರುತ್ತಾರಲ್ಲ, ಹಲ್ಲಿಗೂ ಸವರಿದರೆ ಹೇಗೆ? ನೂರಕ್ಕೆ 85ರ ಖಾರದ ಆಸಿಡ್ಡನ್ನು 30 ಸೆಕೆಂಡು ಹಚ್ಚಿ ತೊಳೆದ. ಎನಾಮಲ್ ತರಿತರಿಯಾಗಿ, ಅಂಟು ಅದರೊಳಗೆ ಇಳಿದು ಭದ್ರವಾಗಿ ಕೂತಿತು. ಹತ್ತು ವರ್ಷದಲ್ಲಿ ಬ್ರಾಕೆಟ್ಟುಗಳನ್ನೇ ನೇರವಾಗಿ ಹಲ್ಲಿಗೆ ಅಂಟಿಸುವುದು ಶುರುವಾಯಿತು. ಈಗ ಆಸಿಡ್ಡಿನ ಖಾರ ಸುಮಾರು 37ಕ್ಕೆ ಇಳಿದಿದೆ. ಅಂದರೆ ಹುಳಿಯಿಂದ ಕೆಡುವ ಹಲ್ಲಿಗೆ ಕ್ಲಿಪ್ಪು ನಿಲ್ಲುವುದೂ ಹುಳಿಯ ಕೃಪೆಯಿಂದಲೇ.

ಇನ್ನು ಫ್ಲೋರೈಡು. ಇದರ ಜಾತಕ ಶುರುವಾಗುವುದೇ ಅಪವಾದದಿಂದ. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದ ಫ್ರೆಡರಿಕ್ ಮೆಕೇ ಎಂಬ ಎಳೆಯ ದಂತವೈದ್ಯ ಅಲ್ಲಿಯವರ ಹಲ್ಲಿನ ಮೇಲೆ ಕಂದು ಕಲೆ ಕಂಡು ಬೆರಗಾದ. ಕಲೆಯ ಹಲ್ಲು ನೋಡಲು ಚೆನ್ನಾಗಿರಲಿಲ್ಲ, ಆದರೆ ಹುಳುಕು ಮಾತ್ರ ಹಿಡಿಯುತ್ತಿರಲಿಲ್ಲ. ಮೂವತ್ತು ವರ್ಷ ತಲೆ ಕೆಡಿಸಿಕೊಂಡ ಮೇಲೆ, 1931ರಲ್ಲಿ, ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಚರ್ಚಿಲ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪತ್ತೆ ಮಾಡಿದ. ಕಲೆ ಬೀಳದಷ್ಟು, ಹುಳುಕು ತಡೆಯುವಷ್ಟು ಎಷ್ಟು ಎಂದು ಲೆಕ್ಕ ಹಾಕಿ 1945ರ ಜನವರಿಯಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ ನೀರಿಗೆ ಲೀಟರಿಗೆ ಒಂದು ಮಿಲಿಗ್ರಾಂ ಬೆರೆಸಿದರು.

ನಮ್ಮಲ್ಲಿ ಬೆರೆಸುವ ಮಾತೇ ಇಲ್ಲ, ಕೆಲವು ಕಡೆ ಭೂಮಿತಾಯಿಯೇ ಧಾರಾಳವಾಗಿ ಬೆರೆಸಿದ್ದಾಳೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಕೊಳವೆಬಾವಿ ನೀರು ಕುಡಿದು ಬೆಳೆದವರ ಹಲ್ಲು ನೋಡಿದರೆ ಗೊತ್ತಾಗುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ಸರಿ, ಬೇರೆ ದಾರಿಯಿಲ್ಲದಿದ್ದರೆ ಒಂದೂವರೆ ಎನ್ನುತ್ತದೆ ನಮ್ಮ ದೇಶದ ಮಾನಕ. ಅದನ್ನು ಮೀರಿದ ನೀರು ಬೆಳೆಯುವ ಹಲ್ಲಿಗೆ ಕಲೆ ಕಟ್ಟುತ್ತದೆ, ತೀರಾ ಹೆಚ್ಚಾದರೆ ಮೂಳೆಯನ್ನೂ ಹಿಡಿಯುತ್ತದೆ. ಇದೇ ಫ್ಲೋರೈಡ್ ಹೊಟ್ಟೆಗೆ ಹೋಗದೆ ಹಲ್ಲಿನ ಹೊರಮೈಯಲ್ಲೇ ನಿಂತರೆ ಕಥೆ ಬೇರೆ. ಕರಗಿದ ಜಾಗಕ್ಕೆ ಕ್ಯಾಲ್ಸಿಯಂ ಮರಳುವಾಗ ಫ್ಲೋರೈಡೂ ಜೊತೆಗೆ ಸೇರಿಕೊಂಡು ಮೊದಲಿಗಿಂತ ಗಟ್ಟಿ ಹರಳಾಗುತ್ತದೆ. ಪಿಎಚ್ 5.5ಕ್ಕೆ ಕರಗುತ್ತಿದ್ದದ್ದು ಸುಮಾರು 4.5ರವರೆಗೆ ತಡೆದುಕೊಳ್ಳುತ್ತದೆ.

ನಮ್ಮ ದೇಶದ ಟೂತ್‌ಪೇಸ್ಟಿನಲ್ಲಿ 1000 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ಸಾವಿರ ಭಾಗ, ಮೀರಿ ಫ್ಲೋರೈಡ್ ಇರಕೂಡದು ಎಂಬ ಕಾನೂನಿದೆ. ಕ್ಲಿಪ್ಪು ಹಾಕಿದ ಮೇಲೆ ಅದಷ್ಟೇ ಸಾಲದು ಎನಿಸಿದರೆ ಡಾಕ್ಟರು ವಾರ್ನಿಷ್ ಹಚ್ಚುತ್ತಾರೆ. ಇದು 1964ರಲ್ಲಿ ಜರ್ಮನಿಯಲ್ಲಿ ಬಂದ ವಿದ್ಯೆ. ಸಾಮಾನ್ಯವಾಗಿ ಬಳಸುವ ವಾರ್ನಿಷ್ಷಿನಲ್ಲಿ ಫ್ಲೋರೈಡ್ 22,600 ಪಿಪಿಎಂ! ಅಂಕಿ ಕೇಳಿ ನಾನು ಕುರ್ಚಿಯಿಂದ ಎದ್ದೆ. ಆದರೆ ಹಚ್ಚುವುದು ಹನಿಯಷ್ಟು. ಹಲ್ಲು ಒರೆಸಿ, ಪುಟ್ಟ ಕುಂಚದಲ್ಲಿ ಬ್ರಾಕೆಟ್ಟಿನ ಸುತ್ತ ಹಳದಿ ಅಂಟನ್ನು ಸವರಿ, ಬಾಯಿ ಮುಚ್ಚಿಕೋ ಎನ್ನುತ್ತಾರೆ. ಎಂಜಲು ತಾಗಿದ್ದೇ ಗಟ್ಟಿಯಾಗಿ ಕೂರುತ್ತದೆ. ಕೆಲವು ಗಂಟೆ ಬಿಸಿ, ಗಟ್ಟಿ ಪದಾರ್ಥ ಮುಟ್ಟಬಾರದು, ಬ್ರಷ್ಷೂ ಬೇಡ. ಆ ದಿನ ಹುಡುಗಿಯ ನಗು ಸ್ವಲ್ಪ ಹಳದಿ. ಮಾರನೇ ದಿನ ಸರಿಹೋಯಿತು. ಸ್ವೀಡನ್ನಿನಲ್ಲಿ ಕ್ಲಿಪ್ಪಿನ ಮಕ್ಕಳಿಗೆ ಪ್ರತಿ ಭೇಟಿಯಲ್ಲೂ, ಸುಮಾರು ಆರು ವಾರಕ್ಕೊಮ್ಮೆ, ಫ್ಲೋರೈಡ್ ವಾರ್ನಿಷ್ ಹಚ್ಚಿ ನೋಡಿದರು. 2007ರಲ್ಲಿ ಬಂದ ಆ ವರದಿಯ ಪ್ರಕಾರ ಹಚ್ಚಿದವರಲ್ಲಿ ಹೊಸ ಮಚ್ಚೆ ನೂರಕ್ಕೆ ಏಳರಷ್ಟು, ಫ್ಲೋರೈಡ್ ಇಲ್ಲದ ಬರೀ ವಾರ್ನಿಷ್ ಹಚ್ಚಿಸಿಕೊಂಡವರಲ್ಲಿ 25ರಷ್ಟು. ಆಮೇಲಿನ ಎಲ್ಲ ಪ್ರಯೋಗಗಳಲ್ಲೂ ಇಷ್ಟು ಫಲ ಬಂದಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಮೂರನೆಯದು ಬಿಸಿ, ಅಂದರೆ ಲೇಸರ್. ಥಿಯೊಡೋರ್ ಮೈಮನ್ 1960ರ ಮೇ ತಿಂಗಳಲ್ಲಿ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಗಿಸಿದ್ದೇ ತಡ, ಹಲ್ಲಿನವರು ಅದರ ಹಿಂದೆ ಬಿದ್ದರು. 1965ರಲ್ಲಿ ಅಮೆರಿಕದ ಚರ್ಮವೈದ್ಯ ಲಿಯೊನ್ ಗೋಲ್ಡ್‌ಮನ್ ಜೀವಂತ ಹಲ್ಲಿಗೆ ಲೇಸರ್ ಬಿಟ್ಟು ನೋಡಬೇಕೆಂದಾಗ ಬಾಯಿ ತೆರೆದು ಕೂತದ್ದು ಯಾರು? ದಂತವೈದ್ಯನಾಗಿದ್ದ ಸ್ವಂತ ಸೋದರ ಬರ್ನಾರ್ಡ್. ನೋವಾಗಲಿಲ್ಲವಂತೆ. ಆಸ್ತಿ ಭಾಗಕ್ಕಾಗಿ ಕೋರ್ಟು ಹತ್ತಿದ ಅಣ್ಣತಮ್ಮಂದಿರನ್ನೇ ಕಂಡ ನನಗೆ ಇದು ಲೇಸರಿಗಿಂತ ದೊಡ್ಡ ಅದ್ಭುತ. ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಸ್ಟರ್ನ್ ಮತ್ತು ಸೊಗ್ನೇಸ್, ಲೇಸರ್ ತಾಗಿದ ಎನಾಮಲ್ ಆಸಿಡ್ಡಿಗೆ ಸುಲಭದಲ್ಲಿ ಬಗ್ಗುವುದಿಲ್ಲ ಎಂಬುದನ್ನು ಕಂಡುಕೊಂಡರು. ಆದರೆ ಮಾಣಿಕ್ಯದ ಲೇಸರ್ ಹಲ್ಲನ್ನು ಒಳಗಿನವರೆಗೂ ಕಾಯಿಸುತ್ತಿತ್ತು. ಹದವಾದ ಲೇಸರ್ ಬಂದದ್ದು ನಮ್ಮ ಪಕ್ಕದ ರಾಜ್ಯದವರೊಬ್ಬರ ಕೈಯಿಂದ. ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕದ ಬೆಲ್ ಪ್ರಯೋಗಾಲಯ ಸೇರಿದ ಕುಮಾರ್ ಪಟೇಲ್ 1964ರಲ್ಲಿ ಕಾರ್ಬನ್ ಡೈ ಆಕ್ಸೈಡ್ ಲೇಸರ್ ಕಂಡುಹಿಡಿದರು.

ಈ ಲೇಸರಿನ 9.3, 9.6 ಮೈಕ್ರಾನ್ ತರಂಗಗಳನ್ನು ಎನಾಮಲ್ಲಿನ ಫಾಸ್ಫೇಟ್ ಗಬಕ್ಕನೆ ಹೀರಿಕೊಳ್ಳುತ್ತದೆ. ಹಾಗಾಗಿ ಶಾಖವೆಲ್ಲ ಕೂದಲೆಳೆಗಿಂತ ತೆಳುವಾದ ಮೇಲ್ಪದರದಲ್ಲೇ ನಿಲ್ಲುತ್ತದೆ. ಬೆಳಕಿನ ಒಂದೊಂದು ಮಿಡಿತವೂ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಹತ್ತಾರು ಭಾಗವಷ್ಟೇ. ಮೇಲ್ಮೈ ನೂರಾರು ಡಿಗ್ರಿ ಕಾದು ಆರುವಷ್ಟರಲ್ಲಿ ಒಳಗಿನ ನರಕ್ಕೆ ಸುದ್ದಿಯೇ ಮುಟ್ಟಿರುವುದಿಲ್ಲ. ನಮ್ಮ ಎನಾಮಲ್ಲಿನ ಹರಳು ಅಪ್ಪಟವಲ್ಲ, ನಡುನಡುವೆ ಕಾರ್ಬೊನೇಟ್ ಸೇರಿಕೊಂಡಿರುತ್ತದೆ. ಹುಳಿಗೆ ಬೇಗ ಸೋಲುವುದು ಆ ಬೆರಕೆಯ ಜಾಗವೇ. ಲೇಸರಿನ ಬಿಸಿಗೆ ಕಾರ್ಬೊನೇಟ್ ಹಾರಿಹೋಗಿ ಹರಳು ಶುದ್ಧವಾಗುತ್ತದೆ. ಅದರ ಜೊತೆಗೆ ಫ್ಲೋರೈಡ್ ಹಚ್ಚಿದರೆ ಅದನ್ನೂ ಹೆಚ್ಚಾಗಿ ಹಿಡಿದಿಟ್ಟುಕೊಳ್ಳುತ್ತದೆ ಎನ್ನುತ್ತವೆ ಪ್ರಯೋಗಗಳು.

ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯದವರು ಇದನ್ನು ಮಕ್ಕಳ ಬಾಯಲ್ಲೇ ಪರೀಕ್ಷಿಸಿದರು. ಕ್ಲಿಪ್ಪಿಗೆ ಜಾಗ ಮಾಡಲು ಹೇಗೂ ಕೀಳಿಸಬೇಕಾಗಿದ್ದ ಹಲ್ಲುಗಳನ್ನೇ ಆರಿಸಿ, ಬ್ರಾಕೆಟ್ ಅಂಟಿಸಿ, ಪಕ್ಕದ ಒಂದಿಷ್ಟು ಜಾಗಕ್ಕೆ ಮಾತ್ರ 9.6 ಮೈಕ್ರಾನ್ ಲೇಸರ್ ಕೊಟ್ಟು, ಆಮೇಲೆ ಕಿತ್ತು ಸೀಳಿ ನೋಡಿದರು. 2011ರ ಅವರ ವರದಿಯಂತೆ ಲೇಸರ್ ಬಿದ್ದ ಜಾಗದಲ್ಲಿ ಖನಿಜ ನಷ್ಟ ನಾಲ್ಕು ವಾರಕ್ಕೆ ನೂರಕ್ಕೆ 46ರಷ್ಟು, ಹನ್ನೆರಡು ವಾರಕ್ಕೆ 87ರಷ್ಟು ಕಡಿಮೆ. ಹೇಗೂ ಬಿಸಾಡುವ ಹಲ್ಲಿನಿಂದ ಇಷ್ಟು ವಿದ್ಯೆ ಹಿಂಡಿದ ಜಾಣತನಕ್ಕೆ ನಾನು ತಲೆದೂಗಿದೆ.

ಹಾಗಾದರೆ ನಮ್ಮ ಹುಡುಗಿಗೂ ಎರಡು ಮಿಡಿತ ಬಿಟ್ಟುಬಿಡಿ ಎಂದು ನಾನು ಉದಾರವಾಗಿ ಹೇಳಿದೆ. ಡಾಕ್ಟರಮ್ಮ ನಕ್ಕರು. "ನಮ್ಮಲ್ಲಿರೋದು ಡಯೋಡ್ ಲೇಸರ್ ಸಾರ್, ವಸಡು ಸರಿ ಮಾಡೋಕೆ. ಎನಾಮಲ್ಲಿಗೆ ಅದು ಬೇರೆ ಯಂತ್ರ, ಬೇರೆ ಅಳತೆ. ಪ್ರಯೋಗಗಳೂ ಹೆಚ್ಚಿನವು ಕಿತ್ತ ಹಲ್ಲಿನ ಮೇಲೇ ಆಗಿರೋದು." ಬೋರ್ಡಿನ ಮೇಲೆ ಲೇಸರ್ ಎಂದು ಬರೆದ ಕಡೆಯೆಲ್ಲ ಈ ಲೇಸರ್ ಇರುವುದಿಲ್ಲ ಎಂಬುದು ಹೀಗೆ ತಿಳಿಯಿತು. ಶಕ್ತಿ ಕಡಿಮೆಯಾದರೆ ಕೆಲಸವಿಲ್ಲ, ಹೆಚ್ಚಾದರೆ ಎನಾಮಲ್ಲೇ ಬಿರುಕು ಬಿಡುತ್ತದೆ. ಮತ್ತೆ ಹದದ ಮಾತೇ.

ಕ್ಲಿಪ್ಪು ಬಿಚ್ಚಿದ ಮೇಲೂ ಹದ ಬಿಡುವುದಿಲ್ಲ. ಮಚ್ಚೆ ಕಂಡ ಗಾಬರಿಯಲ್ಲಿ ಮುಂದಿನ ಹಲ್ಲಿಗೆ ಖಾರದ ಫ್ಲೋರೈಡ್ ಮೆತ್ತಿದರೆ ಮೇಲ್ಪದರ ಮಾತ್ರ ಗಟ್ಟಿಯಾಗಿ ಮುಚ್ಚಿಕೊಂಡು, ಒಳಗಿನ ಬಿಳುಪು ಕಾಯಂ ಆಗಿ ಉಳಿಯಬಹುದು. ಸಾಧಾರಣ ಪೇಸ್ಟು, ಎಂಜಲು, ಕೆಲವು ತಿಂಗಳ ತಾಳ್ಮೆ ಸಾಕು. ಅನೇಕ ಮಚ್ಚೆಗಳು ಮಾಸುತ್ತವೆ. ಮಾಸದೆ ಉಳಿದವಕ್ಕೆ ಜರ್ಮನಿಯವರು ನೀರಿನಂಥ ರೆಸಿನ್ನನ್ನು ರಂಧ್ರಗಳೊಳಗೆ ಇಳಿಸುವ ಉಪಾಯ ತಂದಿದ್ದಾರೆ. ರಂಧ್ರ ತುಂಬಿದರೆ ಬೆಳಕು ಚೆದರುವುದಿಲ್ಲ, ಬಿಳುಪು ಅಡಗುತ್ತದೆ.

ಇಷ್ಟೆಲ್ಲ ಕೇಳಿಸಿಕೊಂಡು ಮನೆಗೆ ಬಂದರೆ ಕೈಗೆ ಸಿಕ್ಕಿದ್ದು ತೀರಾ ಸಪ್ಪೆ ಪಥ್ಯ. ಚಕ್ಕುಲಿ, ಕೋಡುಬಳೆ, ಕಬ್ಬು, ಕಡಲೆಮಿಠಾಯಿ ವರ್ಜ್ಯ. ಗಟ್ಟಿಯದಕ್ಕೆ ಬ್ರಾಕೆಟ್ ಹಾರುತ್ತದೆ, ಅಂಟಿನದಕ್ಕೆ ಹಲ್ಲು ಕರಗುತ್ತದೆ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂದ ಹಿರಿಯರು ಕ್ಲಿಪ್ಪಿನ ಮಕ್ಕಳನ್ನು ಕಂಡಿರಲಿಲ್ಲ. ಇವರಿಗೆ ಎರಡೂ ಉಂಟು, ಅನುಮತಿ ಇಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ನಮ್ಮ ಹುಡುಗಿಯ ಪಾಲಿಗೆ ಬಂದದ್ದು ಒಳ್ಳೆಯ ಮಾತಾಡುವ ಕರ್ತವ್ಯವೊಂದೇ.

ಬ್ರಷ್ ಮಾಡುವುದಕ್ಕೂ ಹೊಸ ಶಾಸ್ತ್ರ. ರಾತ್ರಿ ಮಲಗುವ ಮುಂಚೆ ತಪ್ಪಿಸಬಾರದು, ತಂತಿಯ ಅಡಿಗೆ ಪುಟ್ಟ ಬ್ರಷ್ ತೂರಿಸಿ ತಿಕ್ಕಬೇಕು, ಮುಗಿದ ಮೇಲೆ ನೊರೆ ಉಗುಳಿ ಸುಮ್ಮನಿರಬೇಕು. ಬಾಯಿ ಮುಕ್ಕಳಿಸಿ ತೊಳೆದರೆ ಹಚ್ಚಿದ ಫ್ಲೋರೈಡ್ ಚರಂಡಿ ಪಾಲು. ಇದನ್ನು ಕೇಳಿ ನಮ್ಮ ಮನೆಯಲ್ಲಿ ದೊಡ್ಡ ವಿರೋಧ ಬಂತು. ಬಚ್ಚಲಲ್ಲಿ ಗಳಗಳ ಮುಕ್ಕಳಿಸಿ, ನಾಲಿಗೆ ಕೆರೆದು, ಬೀದಿ ಎಚ್ಚರವಾಗುವಂತೆ ಕ್ಯಾಕರಿಸದಿದ್ದರೆ ಅದು ಬೆಳಗಾದ ಲೆಕ್ಕವೇ? ನಮ್ಮಾಕೆಯಂತೂ "ಬಾಯಿ ತೊಳೆಯದೆ ಅಡುಗೆಮನೆಗೆ ಬಂದರೆ ಜೋಕೆ" ಎಂದು ಘೋಷಿಸಿದಳು. ಕೊನೆಗೆ ರಾತ್ರಿ ಡಾಕ್ಟರಮ್ಮನ ಶಾಸ್ತ್ರ, ಬೆಳಿಗ್ಗೆ ಅಜ್ಜಿಯ ಶಾಸ್ತ್ರ ಎಂದು ರಾಜಿಯಾಯಿತು.

ಎಲ್ಲಕ್ಕಿಂತ ಮುಖ್ಯವಾದ ಹದ ಹೊತ್ತಿನದು. ಸಿಹಿ ಎಷ್ಟು ತಿಂದೆ ಎನ್ನುವುದಕ್ಕಿಂತ ಎಷ್ಟು ಸಲ ತಿಂದೆ ಎನ್ನುವುದನ್ನೇ ಹಲ್ಲು ಹೆಚ್ಚು ಲೆಕ್ಕ ಇಡುತ್ತದೆ. ಊಟದ ಜೊತೆ ಎರಡು ಹೋಳಿಗೆ ತಿಂದರೆ ಹುಳಿ ಒಂದು ಸಲ ಏರಿ ಇಳಿಯುತ್ತದೆ. ಒಂದು ಲೋಟ ಜ್ಯೂಸನ್ನು ಮಧ್ಯಾಹ್ನವಿಡೀ ಗುಟುಕರಿಸಿದರೆ ಇಳಿಯಲು ಪುರುಸೊತ್ತೇ ಇಲ್ಲ. ವಾರ್ನಿಷ್ಷೂ ಲೇಸರೂ ಅಲ್ಲಿ ಸೋಲುತ್ತವೆ. ಇದನ್ನು ನಾನು ಮೊಮ್ಮಗಳಿಗೆ ವಿಸ್ತಾರವಾಗಿ ಬೋಧಿಸುತ್ತಿದ್ದಾಗ ಅವಳು ನನ್ನ ಕೈಯಲ್ಲಿದ್ದ ಕಾಫಿಯ ಡಬರಿ ನೋಡಿ, "ನೀವು ಆರೂವರೆಗೆ ಶುರುಮಾಡಿದ ಕಾಫಿ ಪೇಪರ್ ಮುಗಿಯೋವರೆಗೂ ಕುಡೀತೀರಲ್ಲ ತಾತ, ಅದು?" ಎಂದಳು. ಡಾಕ್ಟರಮ್ಮನಿಗೆ ಫೋನು ಹೋಯಿತು. ತೀರ್ಪು ಬಂತು: ಒಂದೋ ಗಟಗಟ ಕುಡಿದು ಮುಗಿಸಬೇಕು, ಇಲ್ಲವೋ ಸಕ್ಕರೆ ಬಿಡಬೇಕು. ಫಿಲ್ಟರ್ ಕಾಫಿಯನ್ನು ಗಟಗಟ ಕುಡಿಯುವುದು ನನ್ನಿಂದ ಆಗದ ಕೆಲಸ. ಸಕ್ಕರೆ ಬಿಟ್ಟೆ, ಗುಟುಕು ಬಿಡಲಿಲ್ಲ. ಆ ತ್ಯಾಗಕ್ಕೆ ಸಮಾಧಾನವಾಗಿ ಜೊತೆಗೆ ಎರಡು ಬಿಸ್ಕತ್ತು ಇಟ್ಟುಕೊಂಡಿದ್ದೇನೆ. ಬಿಸ್ಕತ್ತಿನ ವಿಷಯ ಡಾಕ್ಟರಮ್ಮನಿಗೆ ತಿಳಿಸುತ್ತೇನೆಂದು ಮೊಮ್ಮಗಳು ಹೆದರಿಸುತ್ತಾಳೆ. ತಿಳಿಸದಿರಲು ಅವಳು ಕೇಳುವ ಲಂಚ ಚಕ್ಕುಲಿ.